ಕಾಣೆಯಾದ ತಂತಿ, ತೊದಲುವ ಲ್ಯಾಪ್‌ಟಾಪ್

ಕಳೆದ ಸಂಚಿಕೆಯಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳ ಬಗ್ಗೆ ಎರಡು ಸಾಲು ಬರೆದದ್ದೇ ನೆಪವಾಯಿತು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯ ನಾನಾ ವೇಷಗಳು: ‘ಎಚ್‌ಡಿ ವಿಡಿಯೊಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಸಾಗರದಲ್ಲಿ ಇಪ್ಪತ್ತೆರಡು ವರ್ಷ ವಿಡಿಯೊ ಸ್ಟುಡಿಯೊ ನಡೆಸಿದವನು ನಾನು. ಪ್ಯಾನಾಸಾನಿಕ್ ಎಂ 9000 ಹೊತ್ತು ಹೊತ್ತು ಬಲಭುಜ ಈಗಲೂ ಒಂದು ಬೆರಳು ತಗ್ಗಿದೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ‘ಯಾವ ಕತ್ತಿ ಒಳ್ಳೆಯದು?’ ಎಂದಂತೆ ಕೇಳಿಸುತ್ತದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಬೇಕು, ಸೊಪ್ಪು ಕಡಿಯಲು ಬೇರೆಯದೇ ಬೇಕು. ನಿಮ್ಮ ಮುಂದೆ ರಾಶಿ ಬಿದ್ದಿರುವುದು ಅಡಿಕೆಯೋ ಸೊಪ್ಪೋ ಎಂಬುದನ್ನು ಹತ್ತರಲ್ಲಿ ಎಂಟು ಪತ್ರಗಳು ಹೇಳಿಯೇ ಇಲ್ಲ. ಹೇಳಿದವರಿಗೆ ಮೊದಲ ಮಣೆ.

ಪ್ರಶ್ನೆ: ನಾನು ಯಕ್ಷಗಾನದ ಹುಚ್ಚಿನವನು. 2007ರಿಂದ 2011ರವರೆಗೆ ನಮ್ಮೂರ ಸುತ್ತ ನಡೆದ ಆಟಗಳನ್ನು ಎಚ್‌ಡಿವಿ ಕ್ಯಾಮೆರಾದಲ್ಲಿ (ಮಿನಿ ಡಿವಿ ಟೇಪಿನ ಮೇಲೆಯೇ ಎಚ್‌ಡಿ ಬರೆಯುವಂಥದ್ದು) ಸೆರೆಹಿಡಿದಿದ್ದೇನೆ. ಒಟ್ಟು ನಲವತ್ತು ಮಿನಿ ಡಿವಿ ಕ್ಯಾಸೆಟ್ಟುಗಳಿವೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಕ್ಯಾಮೆರಾದ ತಂತಿ ಚುಚ್ಚಲು ಜಾಗವೇ ಇಲ್ಲ. ಅಂಗಡಿಯವರು ಹಳದಿ-ಕೆಂಪು-ಬಿಳಿ ತಂತಿಯ ಒಂದು ಯುಎಸ್‌ಬಿ ಪೆಟ್ಟಿಗೆ ಕೊಟ್ಟು, ಅದರ ಜೊತೆಗೇ ಸಾಫ್ಟ್‌ವೇರ್ ಬರುತ್ತದೆ ಎಂದರು. ತೆಗೆದುಕೊಳ್ಳಲೇ? (ಓದುಗರೊಬ್ಬರು, ಕುಂದಾಪುರ)

ಉತ್ತರ: ಬೇಡ. ದಯವಿಟ್ಟು ಬೇಡ. ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲವಾದರೆ ಹಿಂದಿರುಗಿಸಿ.

ಹಳದಿ ತಂತಿಯಲ್ಲಿ ಹರಿಯುವುದು ಹಳೆಯ ಟಿವಿಯ ಚಿತ್ರ, 720×576 ಚುಕ್ಕಿಗಳದ್ದು (ಪಿಕ್ಸೆಲ್). ನಿಮ್ಮ ಟೇಪಿನ ಮೇಲೆ ಇರುವುದು 1440×1080. ಗುಣಿಸಿ ನೋಡಿದರೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಚುಕ್ಕಿಗಳು ಆ ಹಳದಿ ತಂತಿಯ ಬಾಯಲ್ಲೇ ಉದುರಿಹೋಗುತ್ತವೆ. ಮುಂದೆ ಎಷ್ಟೇ ದುಬಾರಿ ಸಾಫ್ಟ್‌ವೇರ್ ತಂದರೂ ಉದುರಿದ್ದು ಮರಳಿ ಬಾರದು.

ಎಚ್‌ಡಿವಿ ಟೇಪನ್ನು ಹಾಡಿನ ಕ್ಯಾಸೆಟ್ಟಿನ ಅಣ್ಣ ಎಂದು ಭಾವಿಸುವವರು ಬಹಳ. ನೋಡಲು ಹಾಗೆಯೇ ಇದೆ, ನಿಜ. ಆದರೆ ಅದರ ಮೇಲಿರುವುದು ಸೊನ್ನೆ-ಒಂದುಗಳ ಸಾಲು. ಎಂಪೆಗ್-2 ವಿಧಾನದಲ್ಲಿ ಅಡಕ ಮಾಡಿದ, ಸೆಕೆಂಡಿಗೆ ಸುಮಾರು 25 ಮೆಗಾಬಿಟ್‌ನಷ್ಟು ಹರಿವು. ಅದನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ತರುವ ತಂತಿಯೇ ಫೈರ್‌ವೈರ್. ಸೋನಿಯವರು ಅದನ್ನೇ ಐ-ಲಿಂಕ್ ಎಂದರು, ಕಾಗದಪತ್ರಗಳಲ್ಲಿ ಅದು ಐಇಇಇ 1394. ಈ ದಾರಿಯಲ್ಲಿ ತಂದರೆ ಅದು ನಕಲು, ಪೆನ್‌ಡ್ರೈವ್‌ನಿಂದ ಕಡತ ನಕಲು ಮಾಡಿದಷ್ಟೇ ಶುದ್ಧ. ಬೇರೆ ಯಾವ ದಾರಿಯಲ್ಲಿ ತಂದರೂ ಅದು ಬಿಚ್ಚಿ ಮತ್ತೆ ಹೊಲಿದ ಅಂಗಿ.

ಅಂತರಜಾಲದ ಅಂಗಡಿಗಳಲ್ಲಿ ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರುವ ಅಗ್ಗದ ತಂತಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಅದನ್ನೂ ಕೊಳ್ಳಬೇಡಿ. ಆ ಎರಡರ ಭಾಷೆಯೇ ಬೇರೆ. ಬರೀ ತುದಿ ಬದಲಿಸಿದರೆ ಮಾತು ಹೊಂದುವುದಿಲ್ಲ.

ನನ್ನ ಸಲಹೆ: ಹಳೆಯ ಡೆಸ್ಕ್‌ಟಾಪ್ ಒಂದನ್ನು ಹುಡುಕಿ. ಮನೆಯ ಅಟ್ಟದ ಮೇಲಿದ್ದರೂ ಸಾಕು. ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿ ಇದ್ದರೆ ಫೈರ್‌ವೈರ್ ಕಾರ್ಡ್ ಒಂದನ್ನು ಹಾಕಿಸಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವುದು ಸಿಕ್ಕರೆ ನೆಮ್ಮದಿ. ವಿಂಡೋಸ್ 10 ಇದ್ದರೆ ಮೈಕ್ರೋಸಾಫ್ಟ್‌ನವರ ‘ಲೆಗಸಿ’ 1394 ಡ್ರೈವರನ್ನು (ಕಾರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ಪ್ರತ್ಯೇಕವಾಗಿ ಇಳಿಸಿಕೊಂಡು ಹಾಕಬೇಕಾಗುತ್ತದೆ. ವಿಂಡೋಸ್ 8ರಿಂದ ಈಚೆಗೆ ಅದು ತಾನಾಗಿ ಬರುವುದಿಲ್ಲ. ನಂತರ ಎಚ್‌ಡಿವಿಸ್ಪ್ಲಿಟ್ ಎಂಬ ಪುಟ್ಟ ಉಚಿತ ತಂತ್ರಾಂಶ. ನೋಡಲು ಕಳೆದ ಜನ್ಮದ್ದು, ಕೆಲಸದಲ್ಲಿ ಹುಲಿ. ನೀವು ಅಂದು ಕ್ಯಾಮೆರಾದ ಕೆಂಪು ಗುಂಡಿ ಒತ್ತಿ ನಿಲ್ಲಿಸಿದಲ್ಲೆಲ್ಲ ಅದು ಕಡತವನ್ನು ಕತ್ತರಿಸಿ, ದಿನಾಂಕ-ಗಂಟೆಯನ್ನೇ ಹೆಸರಾಗಿ ಇಟ್ಟುಕೊಡಬಲ್ಲದು. ಯಾವ ಊರಿನ ಯಾವ ಪ್ರಸಂಗ ಎಂದು ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ. ಲಿನಕ್ಸ್ ಬಲ್ಲವರು ಮನೆಯಲ್ಲಿದ್ದರೆ ಡಿವಿಗ್ರ್ಯಾಬ್ ಇದೇ ಕೆಲಸವನ್ನು ಮಾಡುತ್ತದೆ. ಹಳೆಯ ಮ್ಯಾಕ್ ಯಾರ ಬಳಿಯಾದರೂ ಇದ್ದರೆ ಅದೂ ಆದೀತು, ಆದರೆ ಅದನ್ನು ಹೊಸ ಆವೃತ್ತಿಗೆ ಏರಿಸಲು ಬಿಡಬೇಡಿ: 2025ರಲ್ಲಿ ಬಂದ ತಹೋ ಆವೃತ್ತಿಯಲ್ಲಿ ಆಪಲ್‌ನವರು ಫೈರ್‌ವೈರ್‌ಗೆ ಎಳ್ಳುನೀರು ಬಿಟ್ಟಿದ್ದಾರೆ.

ಈಗ ಕ್ಯಾಮೆರಾ. ಸೋನಿಯದಾದರೆ ಪಟ್ಟಿಯೊಳಗೆ (ಮೆನು) ಹೋಗಿ ‘ವಿಸಿಆರ್ ಎಚ್‌ಡಿವಿ/ಡಿವಿ’ ಎಂಬುದನ್ನು ಎಚ್‌ಡಿವಿ ಎಂದು ಇಡಿ, ‘ಐ-ಲಿಂಕ್ ಕನ್ವ್’ ಎಂಬುದನ್ನು ಆಫ್ ಮಾಡಿ. ಇದು ಆನ್ ಇದ್ದರೆ ಕ್ಯಾಮೆರಾ ತಾನೇ ಚಿತ್ರವನ್ನು ಕುಗ್ಗಿಸಿ ಹಳೆಯ ಡಿವಿ ಗುಣಮಟ್ಟಕ್ಕೆ ಇಳಿಸಿ ಕಳಿಸುತ್ತದೆ. ನೀವು ‘ಎಚ್‌ಡಿ ಬರುತ್ತಿದೆ’ ಎಂದು ನಲವತ್ತು ಗಂಟೆ ಕಾದು ಕುಳಿತಿರುತ್ತೀರಿ. ಈ ಎರಡನ್ನೂ ತಂತಿ ಚುಚ್ಚುವ ಮೊದಲೇ ಮಾಡಿ. ತಂತಿ ಚುಚ್ಚುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆರಿರಲಿ. ಫೈರ್‌ವೈರ್‌ನ ದೊಡ್ಡ ಆರು ಪಿನ್ನಿನ ತುದಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ಅದನ್ನು ಬಲವಂತದಿಂದ ತಿರುವುಮುರುವಾಗಿ ತುರುಕಿದರೆ ಕ್ಯಾಮೆರಾದ ಕಿಂಡಿ ಸುಟ್ಟುಹೋಗುತ್ತದೆ, ಅದನ್ನು ರಿಪೇರಿ ಮಾಡುವವರು ಈಗ ಸಿಗುವುದಿಲ್ಲ.

ಕುಂದಾಪುರದ ಹವೆ ನನಗೆ ಗೊತ್ತು, ನಮ್ಮದೂ ಅದೇ ಮಳೆ. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ, ಬೂಸಲಿನ ಎಳೆ ಕಂಡರೆ ಅದನ್ನು ಪಕ್ಕಕ್ಕಿಡಿ. ಒಂದು ಬೂಸಲು ಹಿಡಿದ ಟೇಪು ಕ್ಯಾಮೆರಾದ ತಲೆಯನ್ನು (ಟೇಪು ಓದುವ ಹೆಡ್) ಕೆಡಿಸಿ ಉಳಿದ ಮೂವತ್ತೊಂಬತ್ತಕ್ಕೂ ಸೋಂಕು ಹರಡುತ್ತದೆ. ಚೆನ್ನಾಗಿರುವುದನ್ನು ಮೊದಲು ಕೊನೆಯತನಕ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ನಕಲಿಗೆ ಇಡಿ. ಹದಿನೈದು ವರ್ಷ ಒಂದೇ ಬಿಗಿಯಲ್ಲಿ ಕುಳಿತ ಸುರುಳಿ ಸಡಿಲವಾಗಬೇಕು. ಈ ಕೆಲಸಕ್ಕೆ ಜೂನ್-ಜುಲೈ ಬೇಡ, ದೀಪಾವಳಿ ಕಳೆಯಲಿ.

ನಕಲಿನ ನಡುವೆ ಚಿತ್ರ ಒಮ್ಮೆಲೇ ಹೆಪ್ಪುಗಟ್ಟಿ, ಚಂಡೆಯ ಸದ್ದು ಕಡಿದು, ಅರ್ಧ ಸೆಕೆಂಡಿನ ನಂತರ ಮತ್ತೆ ಹರಿದರೆ ಗಾಬರಿಯಾಗಬೇಡಿ. ಹಳೆಯ ಡಿವಿಯಲ್ಲಿ ಟೇಪಿನ ಮೇಲೆ ಧೂಳಿನ ಕಣ ಸಿಕ್ಕಿದರೆ ಚಿತ್ರದಲ್ಲಿ ನಾಲ್ಕು ಚೌಕ ಮಿನುಗಿ ಮಾಯವಾಗುತ್ತಿದ್ದವು. ಎಚ್‌ಡಿವಿಯಲ್ಲಿ ಹನ್ನೆರಡು ಫ್ರೇಮುಗಳು, ಅಂದರೆ ಬಿಡಿಚಿತ್ರಗಳು, ಒಂದು ಒಕ್ಕಲು. ಮೊದಲನೆಯದು ಮಾತ್ರ ಪೂರ್ಣ ಚಿತ್ರ, ಉಳಿದವು ಅದರ ಆಸರೆಯಲ್ಲಿ ಬದುಕುವಂಥವು. ಯಜಮಾನನಿಗೆ ಪೆಟ್ಟಾದರೆ ಒಕ್ಕಲೇ ಮಲಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದೇ ಅರ್ಧ ಸೆಕೆಂಡು. ತಲೆ ಶುಚಿಗೊಳಿಸುವ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡು ಓಡಿಸಿ, ಅಷ್ಟು ಭಾಗವನ್ನು ಇನ್ನೊಮ್ಮೆ ತನ್ನಿ. ಎರಡನೆಯ ಸಲ ಸರಿಯಾಗಿ ಬಂದದ್ದೇ ಹೆಚ್ಚು, ನನ್ನ ಅನುಭವದಲ್ಲಿ.

ಗಂಟೆಗೆ 11ರಿಂದ 12 ಜಿಬಿ. ನಲವತ್ತು ಗಂಟೆಗೆ 500 ಜಿಬಿಯೊಳಗೆ ಮುಗಿಯುತ್ತದೆ. ಆದರೆ ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರಿಸುವಂತಿಲ್ಲ. ನಲವತ್ತು ಸಂಜೆ ಎಂದಿಟ್ಟುಕೊಳ್ಳಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಮತ್ತು ಟೇಪುಗಳನ್ನು ಎಸೆಯಬೇಡಿ.

ಯಾಕೆ ಇಷ್ಟು ಹೇಳುತ್ತೇನೆಂದರೆ, 2009ರಲ್ಲಿ ಹೊಸನಗರದ ಕಡೆಯ ಒಂದು ಮದುವೆಯನ್ನು ನಾನು ಎಚ್‌ಡಿವಿಯಲ್ಲೇ ಚಿತ್ರಿಸಿದೆ. ಅವರು ಕೇಳಿದ್ದು ಡಿವಿಡಿ. ಸಾಫ್ಟ್‌ವೇರಿನಲ್ಲಿ ‘ನೇರ ಡಿವಿಡಿಗೆ’ ಎಂಬ ಆಯ್ಕೆ ಇತ್ತು, ಒತ್ತಿದೆ. ಚಿತ್ರ 720×576ಕ್ಕೆ ಕುಗ್ಗಿ ಡಿಸ್ಕಿಗೆ ಇಳಿಯಿತು. ಟೇಪು ದುಬಾರಿ ಎಂದು ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ವಾರ ಒಂದು ಗೃಹಪ್ರವೇಶವನ್ನು ಚಿತ್ರಿಸಿದೆ. ಹತ್ತು ವರ್ಷದ ಮೇಲೆ ಮದುಮಗಳು ಪುಣೆಯಿಂದ ಫೋನು ಮಾಡಿ, ‘ದೊಡ್ಡ ಟಿವಿ ತಂದಿದ್ದೇವೆ, ಅಪ್ಪ ತೀರಿಕೊಂಡರು, ಧಾರೆ ಎರೆಯುವ ಭಾಗ ಸ್ಪಷ್ಟವಾಗಿ ಸಿಗಬಹುದೇ?’ ಎಂದು ಕೇಳಿದರು. ನನ್ನ ಬಳಿ ಇದ್ದದ್ದು ಯಾರದೋ ಮನೆಯ ಹಸು ಒಳಗೆ ಬರುವ ದೃಶ್ಯ.

ಕೊನೆಗೆ ಸಂಕಲನದ ಮಾತು. ನಿಮ್ಮ ಚಿತ್ರ 50ಐ, ಅಂದರೆ ಒಂದೊಂದು ಫ್ರೇಮನ್ನು ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಬರೆದದ್ದು. ವೇಷಧಾರಿ ಗಿರಕಿ ಹೊಡೆಯುವಾಗ ಒಂದು ಫ್ರೇಮನ್ನು ನಿಲ್ಲಿಸಿ ನೋಡಿ: ಕಿರೀಟದ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಸಾಮಾನ್ಯ ‘ಡಿಇಂಟರ್‌ಲೇಸ್’ ಎರಡು ಕಂತನ್ನೂ ಬೆಸೆದು 25 ಫ್ರೇಮು ಕೊಡುತ್ತದೆ, ಗಿರಕಿ ಜರ್ಕು ಹೊಡೆಯುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಆಯ್ಕೆಯ ಪಕ್ಕ ‘ಬಾಬ್’ ಎಂಬುದನ್ನು ಆರಿಸಿ. ಪ್ರತಿ ಕಂತೂ ಒಂದು ಫ್ರೇಮಾಗಿ ಸೆಕೆಂಡಿಗೆ 50 ಆಗುತ್ತದೆ, ಗಿರಕಿ ರಂಗದ ಮೇಲೆ ಕಂಡಷ್ಟೇ ನಯವಾಗಿ ಸುತ್ತುತ್ತದೆ. ಇದನ್ನು ಮಾಡುವುದು ಹಂಚುವ ಪ್ರತಿಗೆ ಮಾತ್ರ. ಮೂಲ ಕಡತ ಮುಟ್ಟಬಾರದು. ಪದ್ಯದ ನಡುವಿನ ಅನಗತ್ಯ ಭಾಗ ಕತ್ತರಿಸಿ ಜೋಡಿಸಲು ಶಾಟ್‌ಕಟ್ ಸಾಕು, ಅದೂ ಉಚಿತ. ಆಟದ ವಿಡಿಯೊಗೆ ಅದಕ್ಕಿಂತ ಹೆಚ್ಚಿನದು ಯಾಕೆ? ಭಾಗವತರ ಮೇಲೆ ಗುಲಾಬಿ ಹೂ ಉದುರಿಸುವವರಿದ್ದೀರಾ?

ಪ್ರಶ್ನೆ: ಮೊಬೈಲ್‌ನಲ್ಲಿ 4ಕೆ ಚಿತ್ರಿಸುತ್ತೇನೆ. ಲ್ಯಾಪ್‌ಟಾಪ್‌ಗೆ 8 ಜಿಬಿ ರ‍್ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಡಾವಿಂಚಿ ರಿಸಾಲ್ವ್ ಹಾಕಿದೆ, ತೊದಲುತ್ತದೆ. ಹಣ ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆಯೇ? ಇನ್ನೊಂದು: ಐದು ನಿಮಿಷದ ನಂತರ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. (ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಹಣ ಉಳಿಸಿ. ತೊದಲುತ್ತಿರುವುದು ಸಾಫ್ಟ್‌ವೇರ್ ಅಲ್ಲ.

ರಿಸಾಲ್ವ್ ಬಗ್ಗೆ ನನಗೆ ಗೌರವವಿದೆ. ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯದು. ಉಚಿತ ಆವೃತ್ತಿಯಲ್ಲೇ 3840×2160ರವರೆಗೆ ಹೊರತೆಗೆಯಬಹುದು, ಬಣ್ಣ ತಿದ್ದುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಆನೆ. 16 ಜಿಬಿ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅಂಗಳದಲ್ಲಿ ಅದನ್ನು ಕಟ್ಟಬಾರದು. (ಲಿನಕ್ಸ್ ಬಳಸುವವರಿಗೆ ಇನ್ನೊಂದು ಮಾತು: ಅಲ್ಲಿನ ಉಚಿತ ಆವೃತ್ತಿ ಎಚ್.264 ಎಂಬ, ಬಹಳ ಬಳಕೆಯಲ್ಲಿರುವ ಅಡಕದ ವಿಧಾನದ ಕಡತಗಳನ್ನು ಓದುವುದಿಲ್ಲ. ಇದು ತಿಳಿಯದೆ ಒಂದು ಇಡೀ ಭಾನುವಾರ ಕಳೆದುಕೊಂಡವರಲ್ಲಿ ನಾನೂ ಒಬ್ಬ.)

ನಿಮ್ಮ ಮೊಬೈಲ್ ಬಹುಶಃ ಎಚ್‌ಇವಿಸಿ, ಅಂದರೆ ಎಚ್.265 ಎಂಬ ಅಡಕದ ವಿಧಾನದಲ್ಲಿ ಬರೆಯುತ್ತಿದೆ. ಮೇಲೆ ಯಕ್ಷಗಾನದವರಿಗೆ ಹೇಳಿದ ಒಕ್ಕಲಿನ ಕತೆಯೇ ಇಲ್ಲಿಯೂ, ಆದರೆ ಒಕ್ಕಲು ಇನ್ನೂ ದೊಡ್ಡದು, ನಂಟು ಇನ್ನೂ ಗೋಜಲು. ನೀವು ಮೌಸ್‌ನಲ್ಲಿ ಒಂದು ಫ್ರೇಮಿಗೆ ನೆಗೆದರೆ, ಪಾಪ ಆ ಲ್ಯಾಪ್‌ಟಾಪ್ ಹಿಂದಿನ ಹತ್ತಾರು ಫ್ರೇಮುಗಳನ್ನು ಬಿಚ್ಚಿಕೊಂಡು ಬರಬೇಕು. ನೋಡುವುದಕ್ಕೆಂದು ಹೊಲಿದ ಕಡತವನ್ನು ಕತ್ತರಿಸಲು ಕೂತಿದ್ದೀರಿ, ಹಾಗಾಗಿ ಏದುಸಿರು.

ಕೆಡೆನ್‌ಲೈವ್ ಎಂಬ ಉಚಿತ ಸಂಕಲನ ತಂತ್ರಾಂಶ ಹಾಕಿ. ಅದರ ಯೋಜನೆಯ (ಪ್ರಾಜೆಕ್ಟ್) ಆಯ್ಕೆಗಳಲ್ಲಿ ‘ಪ್ರಾಕ್ಸಿ’ ಎಂಬುದಿದೆ. ಅದನ್ನು ಆನ್ ಮಾಡಿದರೆ ನಿಮ್ಮ ಪ್ರತಿ ದೊಡ್ಡ ಕಡತಕ್ಕೂ ಅದೊಂದು ಚಿಕ್ಕ, ಹಗುರ ಪಡಿಯಚ್ಚು ಮಾಡಿಕೊಳ್ಳುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ, ಊಟಕ್ಕೆ ಹೋಗಿ ಬನ್ನಿ. ಆಮೇಲೆ ನೀವು ಕತ್ತರಿಸುವುದು ಪಡಿಯಚ್ಚನ್ನು, ಕೊನೆಯಲ್ಲಿ ಹೊರಬರುವುದು ಮೂಲದಿಂದ. ಪರದೆಯ ಮೇಲೆ ಚಿತ್ರ ಮಸುಕಾಗಿ ಕಂಡರೆ ‘ಕೆಟ್ಟುಹೋಯಿತು’ ಎಂದು ಮತ್ತೆ ಪತ್ರ ಬರೆಯಬೇಡಿ.

ತುಟಿ-ಮಾತಿನ ಜಗಳಕ್ಕೆ ಕಾರಣ ಬೇರೆ. ಕ್ಯಾಮೆರಾ ಗಡಿಯಾರದಂತೆ ಎಣಿಸಿ ಫ್ರೇಮು ಬರೆಯುತ್ತದೆ, ಮೊಬೈಲ್ ಹಾಗಲ್ಲ. ಬೆಳಕು ಕಡಿಮೆಯಾದರೆ, ಫೋನು ಬಿಸಿಯಾದರೆ ಸೆಕೆಂಡಿಗೆ 30ರ ಬದಲು 29, 27 ಎಂದು ಹಿಂದೆ ಮುಂದೆ ಆಡುತ್ತದೆ. ಧ್ವನಿ ಮಾತ್ರ ತನ್ನ ಪಾಡಿಗೆ ಸರಿಯಾಗಿ ಓಡುತ್ತದೆ. ಸಂಕಲನದ ತಂತ್ರಾಂಶ ‘ಎಲ್ಲ ಸಮನಾಗಿದೆ’ ಎಂದು ನಂಬಿ ಜೋಡಿಸಿದಾಗ ಐದನೆಯ ನಿಮಿಷಕ್ಕೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಕೆಡೆನ್‌ಲೈವ್ ಇಂಥ ಕಡತ ಕಂಡರೆ ಎಚ್ಚರಿಸಿ, ಪರಿವರ್ತಿಸಿಕೊಡಲೇ ಎಂದು ಕೇಳುತ್ತದೆ. ಹೂಂ ಎನ್ನಿ. ಇಲ್ಲವಾದರೆ ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಒಮ್ಮೆ ಹಾಯಿಸಿ ತನ್ನಿ.

ನಿಜ ಹೇಳಬೇಕೆಂದರೆ, ನೋಡುವವರೆಲ್ಲ ಮೊಬೈಲ್‌ನಲ್ಲೇ ನೋಡುವುದಾದರೆ 1080ರಲ್ಲೇ ಚಿತ್ರಿಸಿ. ಯೂಟ್ಯೂಬ್‌ಗೆ ಏರಿಸಲು 1080ಕ್ಕೆ ಸೆಕೆಂಡಿಗೆ 8 ಮೆಗಾಬಿಟ್ ಸಾಕು ಎನ್ನುವುದು ಅವರದೇ ಶಿಫಾರಸು, 50-60 ಫ್ರೇಮಿನದ್ದಾದರೆ 12.

ಪ್ರಶ್ನೆ: ಮದುವೆ ವಿಡಿಯೊಗಳಲ್ಲಿ ಕನ್ನಡ ಶೀರ್ಷಿಕೆ ಹಾಕಿದರೆ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಂದು ನಿಲ್ಲುತ್ತವೆ. ನುಡಿ ಫಾಂಟಿನಲ್ಲಿ ಸರಿ ಬರುತ್ತದೆ, ಯೂನಿಕೋಡ್‌ನಲ್ಲಿ ಬರುವುದಿಲ್ಲ. ಯಾವ ಸಾಫ್ಟ್‌ವೇರ್ ಕನ್ನಡವನ್ನು ಗೌರವಿಸುತ್ತದೆ? (ಸ್ಟುಡಿಯೊ ಮಾಲೀಕರು, ಅರಸೀಕೆರೆ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಒಂದು ಕಾಫಿ ಬಾಕಿ. ‘ಶ್ರೀಕೃಷ್ಣ’ ಎಂಬುದು ‘ಶ್‌ರೀಕೃಷ್‌ಣ’ ಎಂದು ಒಡೆದು, ಮದುಮಗನ ಹೆಸರು ಎಂಟಡಿ ಪರದೆಯ ಮೇಲೆ ಬೀಳುವಾಗ ಬೀಗರ ಮುಖ ನೋಡಲಾಗದೆ ಪ್ರೊಜೆಕ್ಟರಿನ ಹಿಂದೆ ಅವಿತವನು ನಾನು.

ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಷ, ಹಲಂತದ ಚಿಹ್ನೆ (್), ಣ ಎಂದು ಮೂರು ಸಂಕೇತಗಳು ಸಾಲಾಗಿ ಹೋಗುತ್ತವೆ. ಅವನ್ನು ಕೂಡಿಸಿ ‘ಷ್ಣ’ ಎಂದು ಬರೆಯುವುದು ತಂತ್ರಾಂಶದೊಳಗಿನ ಅಕ್ಷರ ಜೋಡಣೆಯ ಯಂತ್ರ. ಇಂಗ್ಲಿಷಿಗೆಂದೇ ಮಾಡಿದ ತಂತ್ರಾಂಶಗಳಲ್ಲಿ ಆ ಯಂತ್ರವೇ ಇರುತ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಒತ್ತುಗಳನ್ನೇ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿ ಉಪಾಯವಾಗಿ ಪಾರಾದವು. ನಮ್ಮ ಕಸುಬಿನವರು ಇಂದಿಗೂ ಅವನ್ನು ಬಿಡದಿರುವುದಕ್ಕೆ ಕಾರಣ ಹಟವಲ್ಲ, ಅನುಭವ.

ಈಗ ಪರಿಸ್ಥಿತಿ ಸುಧಾರಿಸಿದೆ. ಅಡೋಬಿ ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ತೆರೆದು ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಎಂಬ ಪಠ್ಯಯಂತ್ರವನ್ನು ಆರಿಸಿ. ಹತ್ತು ವರ್ಷದಿಂದ ಪ್ರೀಮಿಯರ್ ಬಳಸುವವರಿಗೂ ಇದು ಗೊತ್ತಿರುವುದಿಲ್ಲ. ಆರಿಸಿದ ಮೇಲೆ ಹೊಸದಾಗಿ ಶೀರ್ಷಿಕೆ ಬರೆಯಿರಿ. ಕೆಡೆನ್‌ಲೈವ್, ಶಾಟ್‌ಕಟ್‌ಗಳಲ್ಲಿ ಯಾವ ಆಯ್ಕೆಯೂ ಬೇಡ, ನೋಟೊ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮ ಫಾಂಟು ಹಾಕಿದರೆ ಒತ್ತು ತನ್ನ ಜಾಗದಲ್ಲಿ ಕೂರುತ್ತದೆ.

ಯಾವುದೂ ಒಗ್ಗದಿದ್ದರೆ ನನ್ನ ಹಳೆಯ ದಾರಿ ಇದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ 1920×1080 ಅಳತೆಯ ಖಾಲಿ ಹಾಳೆ ತೆಗೆದು, ‘ಚಿ. ರಾ.’, ‘ಚಿ. ಕುಂ. ಸೌ.’ ಎಲ್ಲವನ್ನೂ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ. ಆ ಚಿತ್ರವನ್ನು ವಿಡಿಯೊದ ಮೇಲಿನ ಪದರದಲ್ಲಿ ಇಟ್ಟರಾಯಿತು. ಚಿತ್ರವಾದ ಅಕ್ಷರವನ್ನು ಯಾವ ಸಾಫ್ಟ್‌ವೇರ್ ಕೂಡ ಒಡೆಯಲಾರದು. ಉಳಿಸುವ ಮೊದಲು ಲಗ್ನಪತ್ರಿಕೆಯನ್ನು ಪಕ್ಕದಲ್ಲಿಟ್ಟು ಹೆಸರುಗಳನ್ನು ಒಮ್ಮೆ ಓದಿ. ‘ಸುಬ್ಬಣ್ಣ’ನವರನ್ನು ‘ಸುಬಣ್ಣ’ ಮಾಡಿದ್ದಕ್ಕೆ ಯಂತ್ರವನ್ನು ಬೈಯುವಂತಿಲ್ಲ.

ಪ್ರಶ್ನೆ: ನಮ್ಮ ಸಂಗೀತ ಸಭೆಯ ಕಛೇರಿಗಳನ್ನು ಕ್ಯಾಮೆರಾದಿಂದ ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪ್‌ಗೆ ತಂದು ನೇರವಾಗಿ ದಾಖಲಿಸಬೇಕು. ಸಾವಿರ ರೂಪಾಯಿಯೊಳಗಿನ ಕ್ಯಾಪ್ಚರ್ ಕಡ್ಡಿಯ ಮೇಲೆ ‘4ಕೆ’ ಎಂದು ಬರೆದಿದೆ. ನಂಬಬಹುದೇ? (ಸಭೆಯ ಕಾರ್ಯದರ್ಶಿ, ಧಾರವಾಡ)

ಉತ್ತರ: ಆ ‘4ಕೆ’ ಬಾಗಿಲಿಗೆ ಬಂದವರ ಅಳತೆ, ಒಳಗೆ ಬಿಟ್ಟವರದ್ದಲ್ಲ. ಇಂಥ ಕಡ್ಡಿಗಳು ಹೆಚ್ಚಿನವು ಒಳಗಡೆ ಯುಎಸ್‌ಬಿ 2. ಅದರ ಗರಿಷ್ಠ ಸೆಕೆಂಡಿಗೆ 480 ಮೆಗಾಬಿಟ್. ಅಡಕ ಮಾಡದ 1920×1080 ಚಿತ್ರ, ಸೆಕೆಂಡಿಗೆ 25 ಫ್ರೇಮಿನದು, ಸುಮಾರು 830 ಮೆಗಾಬಿಟ್ ಬೇಡುತ್ತದೆ. 50 ಫ್ರೇಮಿನದ್ದಾದರೆ ಅದರ ಎರಡು ಪಟ್ಟು. ಹಾಗಾಗಿ ಕಡ್ಡಿ ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರದಂತೆ ಹಿಂಡಿ ಕಳಿಸುತ್ತದೆ. ಕೆಂಪು ರೇಷ್ಮೆಯ ಅಂಚು, ತಂಬೂರಿಯ ತಂತಿ ಇವೆಲ್ಲ ಕಲಸಿಹೋಗುತ್ತವೆ. ಆನ್‌ಲೈನ್ ಪ್ರಸಾರಕ್ಕೆ ನಡೆದೀತು, ಸಂಗ್ರಹಕ್ಕೆ ಬೇಡ. ಯುಎಸ್‌ಬಿ 3ರ, 1080ರಲ್ಲಿ 50 ಅಥವಾ 60 ಫ್ರೇಮು ಒಪ್ಪುವ ಒಳ್ಳೆಯ ಪೆಟ್ಟಿಗೆ ಕೊಳ್ಳಿ.

ಸಾಫ್ಟ್‌ವೇರ್ ಪ್ರಶ್ನೆಗೆ ಉತ್ತರ ಒಂದೇ: ಓಬಿಎಸ್ ಸ್ಟುಡಿಯೊ, ಉಚಿತ. ಆದರೆ ದಾಖಲಾತಿಯ ಕಡತವನ್ನು ಎಂಪಿ4 ಎಂದು ಇಡಬೇಡಿ, ಎಂಕೆವಿ ಎಂದು ಇಡಿ. ಸಾಮಾನ್ಯ ಎಂಪಿ4ನ ಅನುಕ್ರಮಣಿಕೆ ಬರೆಯುವುದು ಕಟ್ಟಕಡೆಗೆ. ಭೈರವಿಯ ನಡುವೆ ಕರೆಂಟು ಹೋದರೆ ಎರಡು ಗಂಟೆಯ ಕಛೇರಿ ತೆರೆಯಲಾಗದ ಕಲ್ಲುಗುಂಡು. ಎಂಕೆವಿಯಾದರೆ ಕರೆಂಟು ಹೋದ ಕ್ಷಣದವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಓಬಿಎಸ್‌ನಲ್ಲೇ ‘ರಿಮಕ್ಸ್’ ಮಾಡಿ ಎಂಪಿ4 ಮಾಡಿಕೊಳ್ಳಿ, ಗುಣಮಟ್ಟ ಕಿಂಚಿತ್ತೂ ಇಳಿಯುವುದಿಲ್ಲ.

ಕ್ಯಾಮೆರಾದ ಪರದೆಯ ಮೇಲಿನ ಬ್ಯಾಟರಿ, ಚೌಕಟ್ಟುಗಳ ಗುರುತು ಎಚ್‌ಡಿಎಂಐಯಲ್ಲೂ ಹೊರಡುತ್ತವೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಸಭಾಂಗಣದ ಟ್ಯೂಬ್‌ಲೈಟು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಶಟರ್ 50ರಲ್ಲೊಂದು ಅಥವಾ 100ರಲ್ಲೊಂದು ಸೆಕೆಂಡಿಗೆ ಇಟ್ಟರೆ ಮಿನುಗುವುದಿಲ್ಲ. ಮತ್ತು ಕ್ಯಾಮೆರಾದೊಳಗಿನ ಕಾರ್ಡಿನಲ್ಲೂ ಜೊತೆಜೊತೆಗೆ ದಾಖಲಿಸಿ. ಕಲಾವಿದರು ಅದೇ ರಾಗವನ್ನು ಹಾಗೆಯೇ ಇನ್ನೊಮ್ಮೆ ಹಾಡುವುದಿಲ್ಲ.

ಪ್ರಶ್ನೆ: ಎವಿಸಿಎಚ್‌ಡಿ ಕ್ಯಾಮೆರಾದ ಕಾರ್ಡಿನಿಂದ ವಿಡಿಯೊ ಇರುವ ಎಂಟಿಎಸ್ ಕಡತಗಳನ್ನಷ್ಟೇ ಎತ್ತಿ ಇಟ್ಟುಕೊಂಡಿದ್ದೇನೆ. ಒಂದೇ ಭಾಷಣ ಮೂರು ತುಂಡಾಗಿದೆ, ಜೋಡಿಸಿದರೆ ಹೊಲಿಗೆಯಲ್ಲಿ ಮಾತು ಎಗರುತ್ತದೆ. (ಶಿಕ್ಷಕರು, ಕೊಪ್ಪಳ)

ಉತ್ತರ: ಕಡತ 2 ಅಥವಾ 4 ಜಿಬಿ ಮುಟ್ಟಿದೊಡನೆ ಕ್ಯಾಮೆರಾ ಅಲ್ಲಿಯೇ ಕತ್ತರಿಸುತ್ತದೆ, ಮಾತಿನ ನಡುವೆಯಾದರೂ ಸರಿ. ಯಾವುದು ಯಾವುದಕ್ಕೆ ಅಂಟಬೇಕು ಎಂಬ ಲೆಕ್ಕ ಇರುವುದು ಕಾರ್ಡಿನ ಉಳಿದ ಕಡತಕೋಶಗಳಲ್ಲಿ. ನೀವು ಕಾಳು ಆರಿಸಿ ಪಂಚಾಂಗ ಎಸೆದಿದ್ದೀರಿ. ಇನ್ನು ಮುಂದೆ ‘ಪ್ರೈವೇಟ್’ ಎಂಬ ಕೋಶವನ್ನು ಇಡಿಯಾಗಿ ಎತ್ತಿ. ಈಗಿರುವುದಕ್ಕೆ ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಕಾಪಿ ಆದೇಶಕ್ಕೆ ‘/ಬಿ’ ಸೇರಿಸಿ (ಇಂಗ್ಲಿಷಿನಲ್ಲೇ ಬರೆಯಬೇಕು) ಮೂರು ತುಂಡುಗಳನ್ನು ಕ್ರಮವಾಗಿ ಕೂಡುಚಿಹ್ನೆಯಿಂದ ಬೆಸೆದು ಒಂದು ಕಡತ ಮಾಡಿ, ಆಮೇಲೆ ಸಂಕಲನಕ್ಕೆ ಹಾಕಿ. ಹೆಚ್ಚಿನ ಸಲ ಹೊಲಿಗೆ ಕಾಣುವುದಿಲ್ಲ.

ಪ್ರಶ್ನೆ: 2008ರಲ್ಲಿ ಅಮೆರಿಕದಲ್ಲಿ ಕೊಂಡ ಎಚ್‌ಡಿವಿ ಕ್ಯಾಮೆರಾದಲ್ಲಿ ಮೈಸೂರಿನ ಮನೆಯನ್ನೂ ಚಿತ್ರಿಸಿದ್ದೆ. ಈಗ ಭಾರತದ ನೆಂಟರಿಗೆ ಕಳಿಸಲು 25 ಫ್ರೇಮಿಗೆ ಬದಲಿಸಬೇಕೇ? (ಓದುಗರೊಬ್ಬರು, ನ್ಯೂ ಜೆರ್ಸಿ)

ಉತ್ತರ: ಬೇಡ. ಅಮೆರಿಕದ ಕ್ಯಾಮೆರಾ ಬರೆದದ್ದು ಸೆಕೆಂಡಿಗೆ 29.97 ಫ್ರೇಮು, ಯೋಜನೆಯನ್ನೂ 29.97ರಲ್ಲೇ ತೆರೆಯಿರಿ. ಇಂದಿನ ಟಿವಿ, ಮೊಬೈಲ್‌ಗಳಿಗೆ ಎರಡೂ ಒಂದೇ. ಬದಲಿಸಲು ಹೋದರೆ ಪ್ರತಿ ಸೆಕೆಂಡಿಗೆ ಐದು ಫ್ರೇಮು ಕಳೆದು ನಡಿಗೆ ಕುಂಟುತ್ತದೆ. ಮೈಸೂರಿನ ನಡುಮನೆಯ ದೃಶ್ಯದಲ್ಲಿ ಬೆಳಕು ಉಸಿರಾಡಿದಂತೆ ಏರಿಳಿಯುತ್ತಿದ್ದರೆ ಅದು 60 ಹರ್ಟ್ಸ್ ದೇಶದ ಕ್ಯಾಮೆರಾ, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟು ಎದುರುಬದುರಾದ ಗುರುತು. ರಿಸಾಲ್ವ್‌ನ ಹಣ ಕೊಡುವ ಆವೃತ್ತಿಯಲ್ಲಿ ‘ಡಿಫ್ಲಿಕರ್’ ಇದೆ, ಬಹಳಷ್ಟು ತಣಿಸುತ್ತದೆ. ಅದೊಂದಕ್ಕಾಗಿಯೇ ಕೊಳ್ಳಬೇಕೇ ಎಂಬುದು ನಿಮಗೂ ಆ ನಡುಮನೆಗೂ ಬಿಟ್ಟದ್ದು.

ಪ್ರಶ್ನೆ: ಮಗಳ ನಾಮಕರಣದ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿ ಅಜ್ಜಿಗೆ ಕೊಟ್ಟೆ. ಅವರ ಟಿವಿಯಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಇನ್ನೊಂದು ದೊಡ್ಡ ಕಡತ ನಕಲಾಗುವುದೇ ಇಲ್ಲ. (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಧ್ವನಿ ಮಾತ್ರ ಬಂದರೆ ಬಹುಶಃ ಕಡತ ಎಚ್.265, ಟಿವಿ ಹಳೆಯದು. ಎಚ್.264, 1080, ಎಂಪಿ4 ಎಂದು ಮತ್ತೆ ಹೊರತೆಗೆಯಿರಿ. ನಕಲಾಗದ್ದಕ್ಕೆ ಕಾರಣ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿರುವುದು. 4 ಜಿಬಿ ಮೀರಿದ ಒಂದೇ ಕಡತವನ್ನು ಅದು ಒಪ್ಪುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಬಹುದು, ಆದರೆ ಹಳೆಯ ಟಿವಿ ಅದನ್ನು ಓದದೆ ಇರಲೂಬಹುದು. ಅದಕ್ಕಿಂತ ವಿಡಿಯೊವನ್ನು ಎರಡು ಭಾಗ ಮಾಡಿ: ತೊಟ್ಟಿಲಿಗೆ ಹಾಕುವವರೆಗೆ ಒಂದು, ಊಟದ ಪಂಕ್ತಿ ಇನ್ನೊಂದು. ಅಜ್ಜಿ ಎರಡನೆಯದನ್ನೇ ಹೆಚ್ಚು ಸಲ ನೋಡುತ್ತಾರೆ, ಯಾರು ಬಂದಿದ್ದರು ಯಾರು ಬರಲಿಲ್ಲ ಎಂದು ಎಣಿಸಬೇಕಲ್ಲ.